ಬಾಣಂತನಕ್ಕೆ ಫ್ರೀಜರ್ ಅಡುಗೆ: ಅಮ್ಮ ಹೇಳುವ ಹಾಗೆ ಇದು ತಂಗಳೇ?

ಪ್ರಶ್ನೆ: ನನಗೀಗ 31ನೇ ವಾರ, ಮೊದಲ ಮಗು. ಬೆಂಗಳೂರಿನಲ್ಲಿ ನಾವಿಬ್ಬರೇ ಇದ್ದೇವೆ. ಅಮ್ಮ ಶಿವಮೊಗ್ಗದಲ್ಲಿದ್ದಾರೆ. ಮಂಡಿ ಆಪರೇಷನ್ ಆಗಿ ಇನ್ನೂ ತಿಂಗಳಾಗಿಲ್ಲ, ಬಂದು ಬಾಣಂತನ ಮಾಡುವ ಸ್ಥಿತಿಯಲ್ಲಿಲ್ಲ. ಅತ್ತೆ ತೀರಿಕೊಂಡಿದ್ದಾರೆ. ಗಂಡನಿಗೆ ಎರಡು ವಾರ ರಜೆ ಸಿಗುತ್ತದೆ. ಅವರಿಗೆ ಅನ್ನ, ತಿಳಿಸಾರು, ಆಮ್ಲೆಟ್ ಮಾಡಲು ಬರುತ್ತದೆ, ಅಷ್ಟೇ. ಅಮೆರಿಕದಲ್ಲಿರುವ ನನ್ನ ಗೆಳತಿ ಹೆರಿಗೆಗೆ ಮೊದಲೇ ಒಂದು ತಿಂಗಳ ಅಡುಗೆ ಮಾಡಿ ಫ್ರೀಜರ್‌ನಲ್ಲಿ ಇಟ್ಟುಕೊಂಡಿದ್ದಳು. ನಮ್ಮಲ್ಲಿರುವುದು 260 ಲೀಟರಿನ ಡಬಲ್ ಡೋರ್ ಫ್ರಿಜ್. ಇದರಲ್ಲಿ ಆಗುತ್ತದೆಯೇ? ಅಮ್ಮನಿಗೆ ಹೇಳಿದರೆ "ಬಾಣಂತಿಗೆ ತಂಗಳು ಹಾಕ್ತೀರಾ?" ಅಂತ ಬೈದರು. ನಾವು ಮೊಟ್ಟೆ, ಕೋಳಿ ತಿನ್ನುತ್ತೇವೆ.

ಉತ್ತರ: ನಿಮ್ಮ ಅಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ. ಅವರನ್ನು ಒಪ್ಪಿಸದೆ ಈ ಕೆಲಸ ಸಲೀಸಾಗಿ ನಡೆಯುವುದಿಲ್ಲ. ಅದೂ ಅಲ್ಲದೆ, ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ.

ಅವರು ತಂಗಳು ಅನ್ನುವುದು ಯಾವುದಕ್ಕೆ? ರಾತ್ರಿ ಮಾಡಿದ್ದು ಒಲೆಕಟ್ಟೆಯ ಮೇಲೇ ಉಳಿದು, ಬೆಳಿಗ್ಗೆ ಬಿಸಿ ಮಾಡಿ ಬಡಿಸುವುದಕ್ಕೆ. ಅದು ಬಾಣಂತಿಗೆ ಬೇಡ ಎನ್ನುವುದು ಸರಿಯಾದ ಮಾತು. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ಒಳಗೆ ಬ್ಯಾಕ್ಟೀರಿಯಾ ಬೇಗ ಬೇಗ ಬೆಳೆಯುತ್ತವೆ. ನಮ್ಮ ಅಡುಗೆಮನೆಯ ಬಿಸಿ ಇರುವುದೇ ಅದರ ನಡುವೆ. ಅನ್ನದ ವಿಷಯದಲ್ಲಂತೂ ಇನ್ನೂ ಜಾಸ್ತಿ ಹುಷಾರು ಬೇಕು. ಬ್ಯಾಸಿಲಸ್ ಸಿರಿಯಸ್ ಎಂಬ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೆ ಉಳಿದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಸರಿಯಾಗಿ ಕೆಲಸ ಮಾಡುವ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿ ಇರುತ್ತದೆ. ಅಲ್ಲಿ ಈ ಬೆಳವಣಿಗೆ ನಿಂತುಬಿಡುತ್ತದೆ. ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತವೆ. ಐದು ಗಂಟೆ ಹೊರಗಿದ್ದ ಸಾರನ್ನು ಒಳಗಿಟ್ಟರೆ, ತಿಂಗಳ ಮೇಲೆ ಐದು ಗಂಟೆ ಹೊರಗಿದ್ದ ಸಾರೇ ಆಚೆ ಬರುತ್ತದೆ. ಹಾಗಾಗಿ ಬಿಸಿ ಆರಿದ ಕೂಡಲೇ ಫ್ರೀಜರ್ ಸೇರಿದ ಬೇಳೆ ತಂಗಳಲ್ಲ. ಮಧ್ಯಾಹ್ನ ಮಾಡಿ, ಸಂಜೆವರೆಗೆ ಮರೆತು, ರಾತ್ರಿ ನೆನಪಾಗಿ ಫ್ರೀಜರ್‌ಗೆ ತುರುಕಿದ್ದು ತಂಗಳೇ. ಅಮ್ಮನಿಗೆ ಇದನ್ನು ಹೀಗೆಯೇ ಹೇಳಿ.

ಇನ್ನು ನಿಮ್ಮ ಗೆಳತಿಯ ವಿಷಯ. ಅಲ್ಲಿಯವರು ಪಾಸ್ತಾ, ಮಾಂಸ, ಚೀಸ್ ಎಲ್ಲವನ್ನೂ ಒಂದೇ ಟ್ರೇಯಲ್ಲಿ ಜೋಡಿಸಿ ಫ್ರೀಜ್ ಮಾಡುತ್ತಾರೆ, ಬೇಕಾದ ದಿನ ಓವನ್‌ಗೆ ತಳ್ಳುತ್ತಾರೆ. ಆ ಅಡುಗೆಗೆ ಅದು ಒಗ್ಗುತ್ತದೆ. ನಮ್ಮ ಊಟ ನಿಂತಿರುವುದು ಬಿಸಿ ಅನ್ನ, ಆಗ ತಾನೇ ಹಾಕಿದ ಒಗ್ಗರಣೆ, ಮೇಲೊಂದು ಚಮಚ ತುಪ್ಪದ ಮೇಲೆ. ತರಕಾರಿ, ತೆಂಗಿನಕಾಯಿ, ಹುಣಸೆಹುಳಿ ಎಲ್ಲಾ ಬಿದ್ದ ಇಡೀ ಹುಳಿಯನ್ನು ಡಬ್ಬಿಗೆ ತುಂಬಿ ಫ್ರೀಜ್ ಮಾಡಿದರೆ ಹದಿನೈದು ದಿನಕ್ಕೆ ನಿಮಗೇ ಬೇಜಾರಾಗುತ್ತದೆ. ಅದಕ್ಕೆ ನಾನು ಕೇಳಿದವರಿಗೆಲ್ಲ ಹೇಳುವುದು ಒಂದೇ: ಊಟವನ್ನು ಫ್ರೀಜ್ ಮಾಡಬೇಡಿ, ಕೆಲಸವನ್ನು ಫ್ರೀಜ್ ಮಾಡಿ. ನೆನೆಸುವುದು, ಬೇಯಿಸುವುದು, ಸೊಪ್ಪು ಬಿಡಿಸುವುದು, ಕಾಯಿ ತುರಿಯುವುದು, ಬೆಳ್ಳುಳ್ಳಿ ಸುಲಿಯುವುದು. ಹೊತ್ತು ತಿನ್ನುವುದು ಇವೇ ಅಲ್ವಾ? ಇವನ್ನು ಈಗ ಮುಗಿಸಿಡಿ. ಅನ್ನ ಮತ್ತು ಒಗ್ಗರಣೆಯನ್ನು ಆ ದಿನಕ್ಕೆ ಬಿಡಿ. ತಿಳಿಸಾರು ಬರುವ ಗಂಡಸಿಗೆ ಇಷ್ಟು ಖಂಡಿತ ಬರುತ್ತದೆ.

ಹಾಗೆ ನೋಡಿದರೆ ಬೆಂಗಳೂರಿನವರಿಗೆ ಇದು ಹೊಸದೇನಲ್ಲ. ಅವರೆಕಾಯಿ ಕಾಲದಲ್ಲಿ ಮನೆಮಂದಿ ಎಲ್ಲಾ ಕೂತು ಹಿತಕಿ, ಹಿತಕಿದ ಬೇಳೆಯನ್ನು ಕವರ್‌ಗೆ ಹಾಕಿ ಬೇಸಿಗೆವರೆಗೂ ಫ್ರೀಜರ್‌ನಲ್ಲಿಡುವುದಿಲ್ಲವೇ? ಅದನ್ನು ಯಾರೂ ತಂಗಳು ಅನ್ನುವುದಿಲ್ಲ.

ಈಗ ನಿಮ್ಮ ಫ್ರಿಜ್. 260 ಲೀಟರ್ ಎಂದರೆ ಫ್ರೀಜರ್ ಭಾಗ ಹೆಚ್ಚುಕಡಿಮೆ 60 ಲೀಟರ್ ಇರುತ್ತದೆ. ಸಾಕು. ಆದರೆ ಎರಡು ವಿಷಯ ನೋಡಿಕೊಳ್ಳಿ. ನಿಮ್ಮದು ಕನ್ವರ್ಟಿಬಲ್ ಮಾದರಿಯಾದರೆ, ಒಂದು ಬಟನ್ ಒತ್ತಿದರೆ ಫ್ರೀಜರ್ ಮಾಮೂಲಿ ಫ್ರಿಜ್ ಆಗಿಬಿಡುತ್ತದೆ. ಆ ಬಟನ್ ಮೇಲೆ ಇವತ್ತೇ ಟೇಪ್ ಅಂಟಿಸಿ. ಮಗು ನೋಡಲು ಬಂದ ನೆಂಟರ ಮಕ್ಕಳು ಒತ್ತಿದರೆ ಮುಗಿಯಿತು. ಎರಡನೆಯದು, ಫ್ರಿಜ್ ಮೇಲೆ ಅಂಟಿಸಿರುವ ಬಿಇಇ ನಕ್ಷತ್ರಗಳು ಕರೆಂಟ್ ಉಳಿತಾಯದವು, ತಣ್ಣಗಿನ ಲೆಕ್ಕದವಲ್ಲ. ಈ ಗೊಂದಲ ತುಂಬಾ ಜನಕ್ಕಿದೆ. ಫ್ರೀಜರ್‌ಗೆ ಒಂದು ಸಣ್ಣ ಥರ್ಮಾಮೀಟರ್ ತಂದಿಟ್ಟು ಒಂದು ದಿನ ನೋಡಿ. ಮೈನಸ್ 18ರ ಆಸುಪಾಸು ಇರಬೇಕು. ಇದನ್ನು ಓದುತ್ತಿರುವವರಲ್ಲಿ ಸಿಂಗಲ್ ಡೋರ್ ಫ್ರಿಜ್ ಇರುವವರಿದ್ದರೆ: ಒಳಗಿನ ಐಸ್ ಪೆಟ್ಟಿಗೆ ಎಷ್ಟೋ ಸಲ ಅಷ್ಟು ತಣ್ಣಗಿರುವುದಿಲ್ಲ. ಅದನ್ನು ನಂಬಿ ತಿಂಗಳುಗಟ್ಟಲೆ ಇಡಬೇಡಿ, ವಾರದೊಳಗೆ ಮುಗಿಸಿ.

ಮೊದಲ ಪೊಟ್ಟಣ ಬೇಳೆಯದೇ ಇರಲಿ. ತೊಗರಿಬೇಳೆ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ, ಅರಿಶಿನ, ಎಣ್ಣೆ ಹಾಕಿ ಬೇಯಿಸಿ ಕಡೆದರೆ ಇಬ್ಬರಿಗೆ ಮೂರು ಹೊತ್ತಿನ ಸಾರಿಗಾಗುತ್ತದೆ. ಹೆಸರುಬೇಳೆಯೂ ಹಾಗೆಯೇ. ಹೆರಿಗೆಯಾದ ಮೊದಲ ವಾರಕ್ಕೆ ಹೆಸರುಬೇಳೆ ಹಗುರ. ಉಪ್ಪು, ಹುಳಿ, ಸಾರಿನಪುಡಿ ಯಾವುದೂ ಈಗ ಬೇಡ. ಪೊಟ್ಟಣ ನೇರ ಪಾತ್ರೆಗೆ, ಒಂದು ಲೋಟ ನೀರು, ಸಾರಿನಪುಡಿ, ಹುಳಿ. ಕುದಿಯುವ ಹೊತ್ತಿಗೆ ಕುಕ್ಕರ್‌ನಲ್ಲಿ ಅನ್ನ ಆಗಿರುತ್ತದೆ. ಅದೇ ಬೇಳೆ ಒಂದು ದಿನ ಮೆಣಸಿನ ಸಾರು, ಒಂದು ದಿನ ಬೆಳ್ಳುಳ್ಳಿ ಸಾರು, ಇನ್ನೊಂದು ದಿನ ಟೊಮೆಟೊ ಸಾರು.

ಫ್ರೀಜರ್‌ಗೆಂದೇ ಹುಟ್ಟಿದ ಅಡುಗೆ ಅಂದರೆ ಮಸ್ಸೊಪ್ಪು. ಹೇಗೂ ಮಸೆದಿರುತ್ತದೆ, ಇನ್ನು ಮೆತ್ತಗಾಗಲು ಏನೂ ಉಳಿದಿಲ್ಲ. ಬಾಣಂತಿಗೆ ಸೊಪ್ಪು ಬೇಕು, ಆದರೆ ಕೈಯಲ್ಲಿ ಮಗು ಇಟ್ಟುಕೊಂಡು ಸೊಪ್ಪು ಬಿಡಿಸುವುದು ಯಾರಿಂದಲೂ ಆಗದ ಕೆಲಸ. ದಂಟು, ಪಾಲಕ್, ಸಬ್ಬಸಿಗೆ ಯಾವುದು ಸಿಕ್ಕರೂ ಸರಿ, ಬೇಳೆ ಜೊತೆ ಬೇಯಿಸಿ ಮಸೆದು ಇಡಿ. ಬಸ್ಸಾರಿಗೆ ಬಸಿದ ಕಟ್ಟು ಕೂಡ ಚೆನ್ನಾಗಿ ಉಳಿಯುತ್ತದೆ. ಮೊಳಕೆ ಹೆಸರುಕಾಳು, ಕಡಲೆಕಾಳು, ಅಲಸಂದೆಯನ್ನು ಬೇಯಿಸಿ, ನೀರು ಬಸಿದು ಪುಟ್ಟ ಪುಟ್ಟ ಪೊಟ್ಟಣ ಮಾಡಿ. ಒಗ್ಗರಣೆಗೆ ಹಾಕಿದರೆ ಪಲ್ಯ.

ಕೋಳಿ ತಿನ್ನುತ್ತೀರಿ ಅಂದಿದ್ದೀರಿ, ಒಳ್ಳೆಯದಾಯಿತು. ಕೋಳಿ ಸಾರು, ಕಾಲು ಸೂಪ್ ಎರಡೂ ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತವೆ. ಆಲೂಗಡ್ಡೆ ಹಾಕಬೇಡಿ. ತೆಂಗಿನಹಾಲು ಹಾಕುವ ಪದ್ಧತಿ ಇದ್ದರೆ ಬಿಸಿ ಮಾಡುವ ದಿನ ಹಾಕಿ. ಮೊದಲೇ ಹಾಕಿದರೆ ಒಡೆದ ಹಾಗೆ ಕಾಣುತ್ತದೆ. ಕೆಟ್ಟಿರುವುದಿಲ್ಲ, ಆದರೆ ನೋಡಿದರೆ ತಿನ್ನಲು ಮನಸ್ಸಾಗುವುದಿಲ್ಲ.

ಇಡ್ಲಿ ಬಗ್ಗೆ ಯಾರೂ ನಂಬುವುದಿಲ್ಲ, ಮಾಡಿ ನೋಡಿ. ಹಿಟ್ಟನ್ನಲ್ಲ, ಬೇಯಿಸಿದ ಇಡ್ಲಿಯನ್ನೇ ಫ್ರೀಜ್ ಮಾಡಿ. ಆರಿದ ಇಡ್ಲಿಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಎರಡು ಗಂಟೆ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಕವರ್‌ಗೆ ಹಾಕಿ. ಬೇಕಾದಾಗ ನಾಲ್ಕು ತೆಗೆದು ನೇರ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆ ಕೊಟ್ಟರೆ ಆಯಿತು. ಚಪಾತಿಯನ್ನು ಅರೆಬೇಯಿಸಿ, ನಡುವೆ ಬಟರ್ ಪೇಪರ್ ಇಟ್ಟು ಜೋಡಿಸಿ. ಕಾಯಿತುರಿ ಒಂದು ಡಬ್ಬಿ, ಐಸ್ ಟ್ರೇಯಲ್ಲಿ ಹುಣಸೆರಸ, ಇನ್ನೊಂದರಲ್ಲಿ ಶುಂಠಿ ಬೆಳ್ಳುಳ್ಳಿ. ಕ್ಯೂಬ್ ಗಟ್ಟಿಯಾದ ಮೇಲೆ ತೆಗೆದು ಕವರ್‌ಗೆ ಹಾಕಿಬಿಡಿ. ಇಲ್ಲದಿದ್ದರೆ ಫ್ರೀಜರ್ ಪೂರ್ತಿ ಬೆಳ್ಳುಳ್ಳಿ ವಾಸನೆ.

ಬೇಡದ್ದನ್ನೂ ಹೇಳಬೇಕು. ನನ್ನ ಮಗಳ ಬಾಣಂತನಕ್ಕೆಂದು ನಾನು ಏಳು ಡಬ್ಬಿ ಆಲೂಗಡ್ಡೆ ಸಾಗು ಮಾಡಿಟ್ಟಿದ್ದೆ. ಕಾಲೇಜಿನಲ್ಲಿ ಹೋಮ್ ಸೈನ್ಸ್ ಪಾಠ ಮಾಡಿದವಳು ನಾನು! ತೆಗೆದು ನೋಡಿದರೆ ಆಲೂಗಡ್ಡೆ ನೀರು ಬಿಟ್ಟು, ಬಾಯಿಗಿಟ್ಟರೆ ಒದ್ದೆ ಸ್ಪಂಜ್ ಅಗಿದ ಹಾಗೆ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಮಂಜಿನ ಹರಳು ತರಕಾರಿಯ ಒಳಗನ್ನು ಹರಿದುಹಾಕುತ್ತದೆ. ಹಾಗಾಗಿ ನೀರಿನಂಶ ಜಾಸ್ತಿ ಇರುವ ಸೋರೆ, ಹೀರೆ, ಸೌತೆ, ಬದನೆ, ಮೂಲಂಗಿ ಯಾವುದೂ ಬೇಡ. ಬೀನ್ಸ್, ಕ್ಯಾರೆಟ್, ಬಟಾಣಿ ಪರವಾಗಿಲ್ಲ. ಮೊಸರು, ಮಜ್ಜಿಗೆಹುಳಿ ಒಡೆಯುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ರಬ್ಬರ್ ಆಗುತ್ತದೆ. ಮುದ್ದೆ ಫ್ರೀಜ್ ಮಾಡುವ ಯೋಚನೆ ಬಂದಿದ್ದರೆ ಈಗಲೇ ಬಿಡಿ.

ತಣಿಸುವ ಹಂತದಲ್ಲಿ ಎಲ್ಲರೂ ಎಡವುತ್ತಾರೆ. ಕುಕ್ಕರ್ ಪಾತ್ರೆಯಲ್ಲೇ ಬಿಟ್ಟರೆ ಬೇಳೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲವಾದ ಪರಾತಕ್ಕೆ ಸುರಿಯಿರಿ, ಅಥವಾ ಪಾತ್ರೆಯನ್ನು ತಣ್ಣೀರಿನ ಬೇಸಿನ್‌ನಲ್ಲಿಟ್ಟು ಕೈಯಾಡಿಸಿ. ಒಲೆಯಿಂದ ಇಳಿಸಿ ಎರಡು ಗಂಟೆಯೊಳಗೆ ಫ್ರೀಜರ್ ಸೇರಬೇಕು. ಬೇಸಿಗೆಯ ಕಡು ಸೆಕೆಯಲ್ಲಿ ಒಂದೇ ಗಂಟೆ. ಜಿಪ್ ಕವರ್‌ನಲ್ಲಿ ಅರ್ಧ ಲೀಟರ್ ತುಂಬಿ, ಗಾಳಿ ತೆಗೆದು, ತಟ್ಟೆಯ ಮೇಲೆ ಅಂಗಾತ ಮಲಗಿಸಿ. ಒಂದು ಅಂಗುಲ ದಪ್ಪದ ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಬಹುದು. ಜಾಗವೂ ಉಳಿಯುತ್ತದೆ, ಬೇಗ ಕರಗುತ್ತದೆ ಕೂಡ. ಸ್ಟೀಲ್ ಡಬ್ಬಿ ಇಡಬಹುದು, ಆದರೆ ಹಸಿದು ಕೂತಾಗಲೇ ಅದರ ಮುಚ್ಚಳ ಅಂಟಿಕೊಂಡಿರುತ್ತದೆ. ಗಾಜಿನ ಬಾಟಲಿ ಒಡೆಯುತ್ತದೆ, ಬೇಡ. ಒಂದು ದಿನಕ್ಕೆ ನಾಲ್ಕೈದು ಪೊಟ್ಟಣಕ್ಕಿಂತ ಜಾಸ್ತಿ ಹೊಸದಾಗಿ ಸೇರಿಸಬೇಡಿ. ಎಲ್ಲಾ ಒಟ್ಟಿಗೆ ಇಟ್ಟರೆ ಫ್ರೀಜರ್ ಬೆಚ್ಚಗಾಗಿ ಹಳೆಯವೂ ಕೆಡುತ್ತವೆ. ಪ್ರತಿಯೊಂದರ ಮೇಲೂ ಹೆಸರು, ತಾರೀಖು ಬರೆಯಿರಿ. ಗಟ್ಟಿಯಾದ ಮೇಲೆ ಹೆಸರುಬೇಳೆ ಯಾವುದು, ತೊಗರಿಬೇಳೆ ಯಾವುದು ಗೊತ್ತಾಗುವುದಿಲ್ಲ.

ಆದರೆ ಬಾಣಂತಿಯ ಮುಖ್ಯ ಹಸಿವು ಊಟದ ಹೊತ್ತಿನದಲ್ಲ. ಅದು ರಾತ್ರಿ ಮೂರು ಗಂಟೆಯದು. ಮಗುವಿಗೆ ಹಾಲು ಕುಡಿಸುತ್ತಾ ಕೂತಾಗ ಹೊಟ್ಟೆ ಚುರ್ ಅನ್ನುತ್ತದೆ, ಒಂದು ಕೈ ಮಾತ್ರ ಖಾಲಿ ಇರುತ್ತದೆ. ಎದೆಹಾಲು ಕುಡಿಸುವ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಹೆಚ್ಚುಕಡಿಮೆ ಇನ್ನೊಂದು ಊಟವೇ ಆಯಿತು. ಆ ಹೊತ್ತಿಗೆ ಫ್ರೀಜರ್ ಉಪಯೋಗವಿಲ್ಲ. ಮಂಚದ ಪಕ್ಕದ ಡಬ್ಬಿ ಬೇಕು.

ಇಲ್ಲಿ ನಿಮ್ಮ ಅಮ್ಮ ಬರುತ್ತಾರೆ. ಮಂಡಿ ನೋಯುತ್ತಿದ್ದರೂ ಕುರ್ಚಿಯ ಮೇಲೆ ಕೂತು ಇನ್ನೊಬ್ಬರ ಕೈಲಿ ಮಾಡಿಸುವುದಕ್ಕೆ ಅಡ್ಡಿಯಿಲ್ಲವಲ್ಲ? ಅಂಟಿನುಂಡೆ ಮಾಡಿಸಲಿ. ಅಂಟು ತುಪ್ಪದಲ್ಲಿ ಅರಳಬೇಕು, ಜೊತೆಗೆ ಒಣಕೊಬ್ಬರಿ, ಉತ್ತುತ್ತೆ, ಗೋಡಂಬಿ, ಗಸಗಸೆ, ಬೆಲ್ಲ. ನೀರು ತಾಗದಂತೆ ನೋಡಿಕೊಂಡರೆ ಒಣ ಡಬ್ಬಿಯಲ್ಲಿ ತಿಂಗಳು ಇರುತ್ತದೆ. ರಾಗಿ ಹುರಿಹಿಟ್ಟು ಒಂದು ಡಬ್ಬಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಬೆಲ್ಲ ಕಲಸಿದರೆ ತಿಂಡಿ ರೆಡಿ. ಬೆಳ್ಳುಳ್ಳಿ ಚಟ್ನಿಪುಡಿ, ಮೆಣಸು ಜೀರಿಗೆ ಪುಡಿ, ಹುರಿದಿಟ್ಟ ರವೆ. ಉತ್ತರ ಕರ್ನಾಟಕದ ನೆಂಟರಿದ್ದರೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರಿಸಿಕೊಳ್ಳಿ. ಫ್ರಿಜ್ ಬರುವ ಎಷ್ಟೋ ಮೊದಲೇ ಅವರು ಈ ಲೆಕ್ಕ ಬಿಡಿಸಿಟ್ಟಿದ್ದಾರೆ. ಶಿವಮೊಗ್ಗದಿಂದ ಬರುವವರ ಕೈಲಿ ಡಬ್ಬಿಗಳನ್ನು ಕಳಿಸಿದರೆ, ಮಗಳ ಬಾಣಂತನಕ್ಕೆ ಏನೂ ಮಾಡಲಾಗಲಿಲ್ಲ ಎಂಬ ಅಮ್ಮನ ಸಂಕಟವೂ ಸ್ವಲ್ಪ ಇಳಿಯುತ್ತದೆ. ಅವರ ಬೈಗುಳದ ಹಿಂದೆ ಇರುವುದು ಅದೇ ಅಂತ ನನಗನ್ನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹಿರಿಯರ ಮಾತು ಕೇಳಬೇಡಿ. ಬಾಣಂತಿಗೆ ನೀರು ಕಡಿಮೆ ಕೊಡಬೇಕು, ತರಕಾರಿ ಹಣ್ಣು ಬೇಡ ಎನ್ನುವುದು. ನೀರು, ಸೊಪ್ಪು, ತರಕಾರಿ ಇಲ್ಲದೆ ಮಲಬದ್ಧತೆ ಶುರುವಾದರೆ, ಹೊಲಿಗೆ ಬಿದ್ದವರಿಗೆ ನರಕ. ಬಾಯಾರಿದಾಗಲೆಲ್ಲ ಕುಡಿಯಿರಿ. ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ತಿಂದರೆ ಹಾಲು ಬರುತ್ತದೆ ಎನ್ನುತ್ತಾರೆ. ರುಚಿಗೆ ತಿನ್ನಿ, ಅಡ್ಡಿಯಿಲ್ಲ. ಹಾಲು ಹೆಚ್ಚುವುದು ಮುಖ್ಯವಾಗಿ ಮಗು ಮತ್ತೆ ಮತ್ತೆ ಕುಡಿಯುವುದರಿಂದ. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಮೆಂತ್ಯವನ್ನು ಮುಷ್ಟಿಗಟ್ಟಲೆ ತಿನ್ನುವ ಮೊದಲು ಡಾಕ್ಟರನ್ನು ಕೇಳಬೇಕು, ಅದು ಸಕ್ಕರೆ ಇಳಿಸುತ್ತದೆ. ಸಿಸೇರಿಯನ್ ಆದರೆ ಮೊದಲ ದಿನಗಳ ಊಟ ಆಸ್ಪತ್ರೆಯವರು ಹೇಳಿದಂತೆ.

ಎಷ್ಟು ಮಾಡಬೇಕು? ದಿನವೂ ಮೂರು ಹೊತ್ತಿನ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಆರು ವಾರಕ್ಕೆ, ವಾರಕ್ಕೆ ನಾಲ್ಕು ದಿನ ಫ್ರೀಜರ್ ಅಂದುಕೊಳ್ಳಿ. ಉಳಿದ ದಿನ ನಿಮ್ಮವರ ತಿಳಿಸಾರು, ಆಮ್ಲೆಟ್, ಪಕ್ಕದ ಮನೆಯವರು ತಂದುಕೊಟ್ಟಿದ್ದು, ಹತ್ತಿರದ ಮೆಸ್ಸಿನ ಊಟ. ಅಂದರೆ 24 ಪೊಟ್ಟಣ: ಬೇಳೆ ಹತ್ತು, ಮಸ್ಸೊಪ್ಪು ಆರು, ಕೋಳಿ ನಾಲ್ಕು, ಕಾಳು ನಾಲ್ಕು. ಜೊತೆಗೆ ಇಡ್ಲಿ ಐವತ್ತು, ಚಪಾತಿ ಮೂವತ್ತು. ಒಟ್ಟು ಫ್ರೀಜರಿನ ಅರ್ಧಕ್ಕೂ ಬರುವುದಿಲ್ಲ. ಎದೆಹಾಲು ತೆಗೆದಿಡಬೇಕಾಗಿ ಬಂದರೆ ಒಂದು ಮೂಲೆ ಅದಕ್ಕೆಂದೇ ಖಾಲಿ ಇರಲಿ.

33ನೇ ವಾರದಿಂದ ಶುರು ಮಾಡಿ 36ಕ್ಕೆ ಮುಗಿಸಿ. 37 ತುಂಬಿದ ಮೇಲೆ ಯಾವಾಗ ಬೇಕಾದರೂ ನೋವು ಬರಬಹುದು. ಒಂದೇ ದಿನ ಎಲ್ಲಾ ಮಾಡುವ ಹುಚ್ಚು ಬೇಡ. ನಿಮ್ಮ ಗೆಳತಿ ಮಾಡಿರಬಹುದು, ನೀವು ಮಾಡಬೇಡಿ. ದಿನನಿತ್ಯದ ಅಡುಗೆಯನ್ನೇ ದುಪ್ಪಟ್ಟು ಮಾಡಿ, ಊಟಕ್ಕೆ ಕೂರುವ ಮೊದಲೇ ಅರ್ಧ ತೆಗೆದಿಡಿ. ನಿಂತು ಮಾಡುವ ಕೆಲಸ ಗಂಡನಿಗೆ, ಕೂತು ಸೊಪ್ಪು ಬಿಡಿಸುವುದು ನಿಮಗೆ. ಕಾಲು ಸ್ವಲ್ಪ ಊದುವುದು ಮಾಮೂಲು. ಆದರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿ ತಲೆನೋವು ಬಂದರೆ ಒಲೆ ಆರಿಸಿ ಸೀದಾ ಆಸ್ಪತ್ರೆಗೆ ಹೋಗಿ.

ಕರೆಂಟ್ ಹೋದರೆ? ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಒಂದಿಡೀ ದಿನ ತಣ್ಣಗೆ ತಡೆಯುತ್ತದೆ, ಅರ್ಧ ಖಾಲಿ ಇದ್ದರೆ ಬೇಗ ಕರಗುತ್ತದೆ. ಅದಕ್ಕೇ ಖಾಲಿ ಜಾಗಕ್ಕೆ ಮುಕ್ಕಾಲು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಇಡಿ. ನೀವು ಆಸ್ಪತ್ರೆಯಲ್ಲಿದ್ದಾಗ ಏನಾಯಿತು ಎಂದು ತಿಳಿಯಲು ಒಂದು ಉಪಾಯವಿದೆ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ರೂಪಾಯಿ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳಕ್ಕೆ ಇಳಿದು ಹೆಪ್ಪುಗಟ್ಟಿದ್ದರೆ ನಡುವೆ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ. ಹೊಟ್ಟೆ ಉರಿದರೂ ಎಸೆಯಿರಿ.

ಬಿಸಿ ಮಾಡುವಾಗ ಬೆಚ್ಚಗಾದರೆ ಸಾಲದು, ಕುದಿ ಬರಬೇಕು. ಕರಗಿಸುವುದಾದರೆ ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿ, ಒಲೆಕಟ್ಟೆಯ ಮೇಲೆ ಇಡಬೇಡಿ. ಮರೆತರೆ ಪೊಟ್ಟಣವನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಕೊತ್ತಂಬರಿ, ಇಂಗು, ಕರಿಬೇವು ಎಲ್ಲಾ ಆಮೇಲೆ.

ಇನ್ನೊಂದು ಕೆಲಸ. 35ನೇ ವಾರದಲ್ಲಿ ಒಂದು ಭಾನುವಾರ ನೀವು ಅಡುಗೆಮನೆಗೆ ಕಾಲಿಡಬೇಡಿ. ನಿಮ್ಮ ಗಂಡ ಒಬ್ಬರೇ ಪೊಟ್ಟಣ ಹುಡುಕಿ, ಕುದಿಸಿ, ಒಗ್ಗರಣೆ ಹಾಕಿ ಬಡಿಸಲಿ. ಸಾಸಿವೆ ಡಬ್ಬಿ ಎಲ್ಲಿದೆ ಅಂತ ಎಷ್ಟು ಸಲ ಕೂಗುತ್ತಾರೆ ಎಣಿಸಿ. ಅಷ್ಟೂ ಡಬ್ಬಿಗಳ ಮೇಲೆ ಅವತ್ತೇ ಚೀಟಿ ಅಂಟಿಸಿಬಿಡಿ.